ಕೊಟ್ಟ ಹೆಪ್ಪು

ಮನುಷ್ಯನ ಕಾಲಿನ ಹೆಬ್ಬೆರಳಿನ ಮೇಲೆ ನಿಸರ್ಗಕ್ಕೆ ಅದೇನು ಸಿಟ್ಟೋ ನನಗಂತೂ ತಿಳಿದಿಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದೆ ನಮ್ಮ ಮೂಲದ ವಾನರರ ಮೈಯಲ್ಲಿ ಒಂದು ಕಿಣ್ವ ಕೆಟ್ಟು ನಿಂತಿತು. ನಾಯಿಗೆ ಆ ಕಿಣ್ವ ಇದೆ, ಇಲಿಗೆ ಇದೆ, ಎಮ್ಮೆಗೂ ಇದೆ. ಅವುಗಳ ಮೈಯಲ್ಲಿ ಹುಟ್ಟಿದ ಯೂರಿಕ್ ಆಮ್ಲ ಒಡೆದು, ನೀರಲ್ಲಿ ಸುಲಭವಾಗಿ ಕರಗಿ ಹೊರಗೆ ಹೋಗುತ್ತದೆ. ನಮ್ಮಲ್ಲಿ ಹಾಗಲ್ಲ. ಹೋದಷ್ಟು ಹೋಯಿತು, ಉಳಿದದ್ದು ರಕ್ತದಲ್ಲೇ ಸುತ್ತುತ್ತಿರುತ್ತದೆ. ಹೆಚ್ಚಾದರೆ ಸೂಜಿಯಂಥ ಹರಳಾಗಿ ಹೆಬ್ಬೆರಳಿನ ಕೀಲಿನಲ್ಲಿ ಕೂರುತ್ತದೆ. ನನ್ನ ಅಪ್ಪ ಶಂಕ್ರಪ್ಪ ಬೆಟಗೇರಿಯ ನೇಕಾರ, ಐವತ್ತು ವರ್ಷ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿದವನು. ಅವನು ಬೆರಳಿಗೆ ಹೊದಿಕೆಯ ಅಂಚು ತಾಗಿದರೂ "ಯವ್ವಾ" ಎಂದು ಕೂಗುವುದನ್ನು ನಾನು ಕಂಡಿದ್ದೇನೆ.

ಇದು ಅಪ್ಪನೊಬ್ಬನ ಪಾಡಾಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಎರಡು ಸಾವಿರದ ನಲವತ್ತೊಂದರ ಜನಗಣತಿಯಲ್ಲಿ ತಲೆ ಎಣಿಸುವುದರ ಜೊತೆಗೆ ಬೆರಳು ಚುಚ್ಚಿ ರಕ್ತವನ್ನೂ ನೋಡಿದರು. ಮೂವರಲ್ಲಿ ಒಬ್ಬರಿಗೆ ಯೂರಿಕ್ ಆಮ್ಲ ಏಳು ದಾಟಿತ್ತು. ಹಿಂದೆ ಅದನ್ನು ಉಂಡು ತೇಗುವವರ ಕಾಯಿಲೆ ಎನ್ನುತ್ತಿದ್ದರು. ಈಗ ನೀರು ಕುಡಿಯಲೂ ಪುರುಸೊತ್ತಿಲ್ಲದೆ ದುಡಿಯುವವರಿಗೂ ಬಂದಿತ್ತು. ಗುಳಿಗೆಗಳೇನೋ ಇದ್ದವು. ಆದರೆ ನಮ್ಮ ಜನ ನೋವು ನಿಂತ ಮರುದಿನವೇ ಗುಳಿಗೆ ನಿಲ್ಲಿಸುತ್ತಾರೆ. ಅಪ್ಪನೂ ಹಾಗೇ ಮಾಡಿದ, ಮತ್ತೆ ಮತ್ತೆ ಕೂಗಿದ.

ಆಗ ನನ್ನ ತಲೆಗೆ ಬಂದ ಪ್ರಶ್ನೆ ಇದು. ನಮ್ಮವರು ಯಾರೂ ಹೇಳದಿದ್ದರೂ ದಿನಾ ಬಿಡದೆ ಉಣ್ಣುವುದು ಏನನ್ನು? ಮೊಸರನ್ನು. ನಾವು ಕಳೆದುಕೊಂಡ ಕಿಣ್ವದ ವಂಶವಾಹಿಯನ್ನು ಮೊಸರಿನ ಬ್ಯಾಕ್ಟೀರಿಯಾದೊಳಗೆ ಕೂರಿಸಿದರೆ? ರಕ್ತದ ಯೂರಿಕ್ ಆಮ್ಲದಲ್ಲಿ ಒಂದು ಪಾಲು ಹೇಗೂ ಕರುಳಿಗೆ ಜಿನುಗುತ್ತದೆ. ಅಲ್ಲಿ ಕಾದು ಕೂತ ಬ್ಯಾಕ್ಟೀರಿಯಾ ಅದನ್ನು ಒಡೆದರೆ ರಕ್ತ ತಾನಾಗಿ ಹಗುರಾಗುತ್ತದೆ. ನಾನು, ಕುಮುದಿನಿ, ಗದಗಿನ ಹೊರಗಿರುವ ಜೀವಾಣು ಕೇಂದ್ರದಲ್ಲಿ ಹದಿನೆಂಟು ವರ್ಷದಿಂದ ಬ್ಯಾಕ್ಟೀರಿಯಾ ಸಾಕುವ ಕೆಲಸದವಳು. ಮೂರು ವರ್ಷದಲ್ಲಿ ಅದನ್ನು ಮಾಡಿ ತೋರಿಸಿದೆವು. ಕೇಂದ್ರದ ಮುಖ್ಯಸ್ಥರಾದ ಜಾಲಿಹಾಳ ಸರ್ ಯೋಜನೆಗೆ "ಹೊಸ ಹೆಪ್ಪು" ಎಂದು ಹೆಸರಿಟ್ಟರು. ಹೆಸರು ಕೇಳಿ ನಾನು ಹಿಗ್ಗಿದೆ. ಹಿಗ್ಗಿದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಈ ಕಿಣ್ವಕ್ಕೆ ಒಂದು ಕೆಟ್ಟ ಗುಣವಿದೆ. ಯೂರಿಕ್ ಆಮ್ಲವನ್ನು ಒಡೆಯುವಾಗ ಅದು ಹೈಡ್ರೋಜನ್ ಪೆರಾಕ್ಸೈಡನ್ನು ಬಿಡುತ್ತದೆ. ಗಾಯಕ್ಕೆ ಹಾಕಿದರೆ ಬುಸ್ಸೆಂದು ನೊರೆ ಬರುತ್ತದಲ್ಲ, ಅದೇ. ಹೆಚ್ಚಿನವರ ರಕ್ತ ಅಷ್ಟನ್ನು ತಾಳಿಕೊಳ್ಳುತ್ತದೆ. ಆದರೆ ಕೆಲವರಿಗೆ ಜಿ-ಸಿಕ್ಸ್-ಪಿ-ಡಿ ಎಂಬ ಕಾವಲು ಕಿಣ್ವ ಹುಟ್ಟಿನಿಂದಲೇ ಕಡಿಮೆ. ಹೆಚ್ಚಾಗಿ ಗಂಡಸರಲ್ಲಿ, ತಾಯಿಯ ಕಡೆಯಿಂದ ಬರುವ ಕೊರತೆ. ಅಂಥವರು ಅದು ಗೊತ್ತೇ ಆಗದೆ ನೂರು ವರ್ಷ ಬಾಳಬಹುದು. ಆದರೆ ಪೆರಾಕ್ಸೈಡ್ ಹೆಚ್ಚಾಗಿ ಸೇರಿದರೆ ಅವರ ಕೆಂಪು ರಕ್ತಕಣಗಳು ಒಡೆದು ಹೋಗುತ್ತವೆ.

ಅದಕ್ಕೇ ನಾವು ಎಚ್ಚರ ವಹಿಸಿದ್ದೆವು. ಬೆಟಗೇರಿಯಲ್ಲಿ ಆರುನೂರು ಮನೆಗಳ ಪ್ರತಿಯೊಬ್ಬರ ರಕ್ತ ಪರೀಕ್ಷಿಸಿದೆವು. ಕೊರತೆಯವರಿದ್ದ ಹನ್ನೊಂದು ಮನೆಗಳನ್ನು ಹೊರಗಿಟ್ಟು, ಉಳಿದವುಗಳಲ್ಲಿ ಅರ್ಧಕ್ಕೆ ಪುಡಿ ಪೊಟ್ಟಣ ಕೊಟ್ಟೆವು, ಅರ್ಧವನ್ನು ಹೋಲಿಕೆಗೆಂದು ಹಾಗೇ ಬಿಟ್ಟೆವು. ಬ್ಯಾಕ್ಟೀರಿಯಾ ಏಳು ದಿನಕ್ಕೆ ತಾನಾಗಿ ಸಾಯುವಂತೆ ಅದರೊಳಗೆ ಒಂದು ಬೀಗವನ್ನೂ ಇಟ್ಟಿದ್ದೆವು. ವಾರಕ್ಕೊಂದು ಹೊಸ ಪೊಟ್ಟಣ ಬೇಕೇ ಬೇಕು. ಹಾಗಾಗಿ ಅದು ಎಲ್ಲಿಗೂ ಹೋಗಲಾರದು ಎಂದು ನಂಬಿದ್ದೆವು.

*

ಆ ಹನ್ನೊಂದು ಮನೆಗಳಲ್ಲಿ ಒಂದು ನನ್ನ ತಮ್ಮ ವಿರೂಪಾಕ್ಷನದು.

ನಮ್ಮ ಮನೆ ಎರಡಾಗಿ ಆರು ವರ್ಷವಾಗಿತ್ತು. ವಿರೂಪಾಕ್ಷ ವಿದ್ಯುತ್ ಮಗ್ಗ ತಂದು ಹಾಕಿದ. ಅದರ ಖಟಪಟದಲ್ಲಿ ತನ್ನ ಲಾಳಿಯ ಸದ್ದೇ ಕೇಳುವುದಿಲ್ಲ ಎಂದು ಅಪ್ಪ ರೇಗಿದ. ಮಾತಿಗೆ ಮಾತು ಬೆಳೆದು ನಡುಮನೆಯಲ್ಲಿ ಗೋಡೆ ಎದ್ದಿತು. ಅಪ್ಪ ಮಗ ಮಾತು ಬಿಟ್ಟರು. ಹಿತ್ತಲಲ್ಲಿ ಮಾತ್ರ ಗೋಡೆ ಸೊಂಟದ ಮಟ್ಟಕ್ಕೇ ನಿಂತಿತ್ತು. ಅದಕ್ಕಿಂತ ಮೇಲೆ ಏರಿಸಲು ಅವ್ವ ಗೌಂಡಿಯನ್ನು ಬಿಡಲಿಲ್ಲ.

ವಿರೂಪಾಕ್ಷನ ಕೊರತೆಯ ವಿಷಯ ನನಗೆ ಹೊಸದಾಗಿ ಕಂಡರೂ ಹೊಸದೇನಲ್ಲ. ಆರು ವರ್ಷದ ಹುಡುಗನಿದ್ದಾಗ ಅವನು ರೇಷ್ಮೆ ಸೀರೆಗಳ ಪೆಟ್ಟಿಗೆಯಲ್ಲಿ ಡಾಂಬರು ಗುಳಿಗೆಗಳ ನಡುವೆ ಅಡಗಿ ಕೂತು ಆಡಿದ್ದ. ಎರಡೇ ದಿನಕ್ಕೆ ಮೈ ಹಳದಿಯಾಗಿತ್ತು. ಅಂದಿನವರು ಕಾಮಾಲೆ ಎಂದರು. ಅದು ಗುಳಿಗೆಯ ವಾಸನೆಗೆ ರಕ್ತ ಒಡೆದದ್ದು ಎಂದು ಅವನ ಪರೀಕ್ಷೆಯ ಚೀಟಿ ನೋಡಿದಾಗ ನನಗೆ ಹೊಳೆಯಿತು. ಆದರೂ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಫಲಿತಾಂಶವನ್ನು ಸಲಹೆಗಾರರೇ ಹೇಳಬೇಕೆಂಬ ನಿಯಮವಿತ್ತು, ಸಲಹೆಗಾರರ ಹುದ್ದೆ ಖಾಲಿ ಇತ್ತು. ಇದು ನೆಪ. ನಿಜವೆಂದರೆ, ಈ ಕೊರತೆ ಬಂದದ್ದು ಅವ್ವನಿಂದ. ಗೊತ್ತಾದರೆ ವಿರೂಪಾಕ್ಷನ ಹೆಂಡತಿ ಕಸ್ತೂರಿ ಒಂದಲ್ಲ ಒಂದು ಜಗಳದಲ್ಲಿ ಅದನ್ನು ಎತ್ತಿ ಆಡುತ್ತಾಳೆ, ಹಿತ್ತಲಿನ ಗೋಡೆಯೂ ಎತ್ತರವಾಗುತ್ತದೆ ಎಂದು ಹೆದರಿದೆ. ಅವರ ಬಾಗಿಲಿಗೆ "ಅರ್ಹರಲ್ಲ" ಎಂಬ ಚೀಟಿಯನ್ನಷ್ಟೇ ಅಂಟಿಸಿ ಬಂದೆ.

ಅವ್ವನಿಗೆ ಮೊದಲ ಪೊಟ್ಟಣ ಕೊಟ್ಟದ್ದು ನಾನೇ. ನಿಯಮಗಳ ಹಾಳೆಯನ್ನೂ ನಾನೇ ಬರೆದಿದ್ದೆ, ನಾನೇ ಓದಿ ಹೇಳಿದೆ.

"ಈ ಮೊಸರು ಮಜ್ಜಿಗಿ ಯಾರಿಗೂ ಕೊಡಬ್ಯಾಡ ಬೇ. ವಿರೂಪಾಕ್ಷಗಂತೂ ಒಂದು ತೊಟ್ಟೂ ಇಲ್ಲ."

"ಯಾಕ, ಅವನ ಬೆರಳಿಗೆ ಬ್ಯಾನಿ ಇಲ್ಲೇನ?"

"ಅವಗ ಒಗ್ಗಂಗಿಲ್ಲ. ಅಷ್ಟ ತಿಳಕೋ."

ಅವ್ವ, ಸಾವಂತ್ರೆವ್ವ, ಕೊಟ್ಟ ಮಾತಿಗೆ ತಪ್ಪಿದವಳಲ್ಲ. "ಆತು, ಒಂದು ವಾಟಗ ಮೊಸರ ಗೋಡಿ ದಾಟಂಗಿಲ್ಲ, ನನ್ನಾಣಿ" ಎಂದಳು. ಅಪ್ಪ ಮೊದಲ ದಿನ ಒಂದು ತುತ್ತು ಉಂಡು, "ರುಚಿ ಬ್ಯಾರೆ ಏನಿಲ್ಲ, ಸರಕಾರದ್ದು ಅಂತ ಅನಸಂಗಿಲ್ಲ" ಎಂದು ಪ್ರಮಾಣಪತ್ರ ಕೊಟ್ಟ.

ಹತ್ತು ವಾರಕ್ಕೆ ಅಪ್ಪನ ಅಂಕಿ ಒಂಬತ್ತೂವರೆಯಿಂದ ಐದೂಮುಕ್ಕಾಲಿಗೆ ಇಳಿಯಿತು. ಅವನು ಮತ್ತೆ ಮಗ್ಗಕ್ಕೆ ಇಳಿದ ದಿನ ಅವ್ವ ನನಗೆ ಫೋನು ಮಾಡಿ ಏನೂ ಮಾತಾಡದೆ ಲಾಳಿಯ ಸದ್ದನ್ನು ಕೇಳಿಸಿದಳು. ನಾನು ಪ್ರಯೋಗಾಲಯದಲ್ಲಿ ನಿಂತೇ ಅತ್ತೆ.

*

ನಮ್ಮ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಒಂದು ಗೋಡೆ ತುಂಬ ಬೆಟಗೇರಿಯ ನಕ್ಷೆಯಿತ್ತು. ಆರುನೂರು ಮನೆಗೂ ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರವೊಂದನ್ನು ಕೊಟ್ಟಿದ್ದೆವು. ವಾರಕ್ಕೊಮ್ಮೆ ಮನೆಮಂದಿಯೆಲ್ಲ ಅದಕ್ಕೆ ಬೆರಳು ಚುಚ್ಚಿಕೊಂಡರೆ ಅಂಕಿ ನಮಗೆ ಬರುತ್ತಿತ್ತು. ಏಳರ ಮೇಲಿದ್ದ ಮನೆ ನಕ್ಷೆಯಲ್ಲಿ ಕೆಂಪು ದೀಪ, ಕೆಳಗಿದ್ದದ್ದು ಹಸಿರು. ಹೊರಗಿಟ್ಟ ಹನ್ನೊಂದು ಮನೆಗಳ ಸುತ್ತ ನೀಲಿ ಉಂಗುರ.

ನಾಲ್ಕನೇ ತಿಂಗಳಲ್ಲಿ ಪೊಟ್ಟಣ ಕೊಟ್ಟ ಮನೆಗಳು ಹಸಿರಾದವು. ಅದು ನಾವು ಬಯಸಿದ್ದೇ. ಆದರೆ ಪೊಟ್ಟಣ ಕೊಡದ ಮನೆಗಳೂ ಹಸಿರಾಗತೊಡಗಿದವು. ಮೊದಲು ನಮ್ಮ ಓಣಿಯಲ್ಲಿ ಮೂರು, ಆಮೇಲೆ ಹಿಂದಿನ ಓಣಿಯಲ್ಲಿ ಐದು, ಹದಿನೈದು ದಿನದಲ್ಲಿ ನಲವತ್ತು.

"ಸರ್, ಇವರಿಗೆ ನಾವು ಏನೂ ಕೊಟ್ಟಿಲ್ಲ" ಎಂದೆ.

"ಜಾಗೃತಿ ಬಂದೇತಿ ಕುಮುದಿನಿ" ಎಂದರು ಜಾಲಿಹಾಳ ಸರ್, ಕನ್ನಡಕ ಒರೆಸುತ್ತ. "ಬೆರಳ ಚುಚ್ಚಿಕೊಂಡು ಅಂಕಿ ನೋಡಿದ ಮ್ಯಾಲೆ ಜನ ನೀರ ಕುಡ್ಯಾಕ ಹತ್ಯಾರ. ಛಲೋ ಆತಲ್ಲ!"

ಧಾರವಾಡ ಪೇಡೆ ತರಿಸಿದರು, ಎಲ್ಲರೂ ತಿಂದೆವು. ಬಾಯಲ್ಲಿ ಪೇಡೆ ಇಟ್ಟುಕೊಂಡೇ ನಾನು ನೀಲಿ ಉಂಗುರದ ನಡುವೆ ಹಸಿರಾಗಿ ಹೊಳೆಯುತ್ತಿದ್ದ ವಿರೂಪಾಕ್ಷನ ಮನೆಯನ್ನು ನೋಡಿದೆ. ಅವನ ಅಂಕಿ ಎಂಟರಿಂದ ಎರಡಕ್ಕೆ ಇಳಿದಿತ್ತು. ನೀರು ಕುಡಿದು ಯಾರ ಯೂರಿಕ್ ಆಮ್ಲವೂ ಎರಡಕ್ಕೆ ಇಳಿಯುವುದಿಲ್ಲ; ಇದು ನನಗೆ ಗೊತ್ತಿಲ್ಲದ ವಿಷಯವೇ? ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ತಮ್ಮ ನನ್ನ ಮಾತು ಕೇಳಿ ಪಥ್ಯ ಮಾಡುತ್ತಿದ್ದಾನೆ ಎಂದುಕೊಂಡು ಖುಷಿಪಟ್ಟೆ, ಇನ್ನೊಂದು ಪೇಡೆ ತೆಗೆದುಕೊಂಡೆ.

ಮುಂದಿನ ಭಾನುವಾರ ಮಧ್ಯಾಹ್ನ ಬೆಟಗೇರಿಗೆ ಹೋದೆ. ವಿದ್ಯುತ್ ಮಗ್ಗದ ಸದ್ದು ಇರಲಿಲ್ಲ. ಹಿತ್ತಲಿನ ಗೋಡೆಯ ಈಚೆ ಅವ್ವ ಮಜ್ಜಿಗೆ ಕಡೆಯುತ್ತ ಕೂತಿದ್ದಳು, ಆಚೆ ಕಸ್ತೂರಿ ತಂಬಿಗೆ ಹಿಡಿದು ನಿಂತಿದ್ದಳು. ಅವಳ ಮುಖ ಬಾಡಿತ್ತು.

"ಅಕ್ಕಾರ, ಬಂದ್ರಿ? ಇವರಿಗೆ ಕಾಮಾಲಿ ಆಗೇತ್ರಿ. ಐದು ದಿನ ಆತು. ಡಾಕ್ಟರು ಎಣ್ಣಿ ಬಿಡ್ರಿ, ಅನ್ನ ಮಜ್ಜಿಗಿ ಕೊಡ್ರಿ ಅಂದಾರ. ಕೊಟ್ಟಷ್ಟೂ ಸುಸ್ತ ಜಾಸ್ತಿ ಆಗಾಕ ಹತ್ತೇತಿ. ಉಚ್ಚಿ ನೋಡಿದ್ರ ಕರೀ ಚಹಾ ಇದ್ದಂಗ ಐತಿ."

ಕಾಮಾಲೆ ಬಂದವನಿಗೆ ಮಜ್ಜಿಗೆ ಕುಡಿಸುವುದು ನಮ್ಮ ಕಡೆ ಹುಟ್ಟಿದ ಮಗುವಿಗೂ ಗೊತ್ತಿರುವ ಔಷಧ. ನಾನು ಗೋಡೆ ದಾಟಿ ಒಳಗೆ ಓಡಿದೆ. ವಿರೂಪಾಕ್ಷ ಚಾಪೆಯ ಮೇಲೆ ಮಲಗಿದ್ದ. ಕಣ್ಣಿನ ಬಿಳಿ ಅರಿಶಿನವಾಗಿತ್ತು, ತುಟಿ ಬಿಳಿಚಿಕೊಂಡಿತ್ತು. ಕಾಲಬಳಿ ನಮ್ಮ ಯಂತ್ರ ಬಿದ್ದಿತ್ತು. ಅವನ ಬೆರಳಿಗೆ ಒತ್ತಿದೆ. ಸೊನ್ನೆ ಪಾಯಿಂಟ್ ಆರು.

"ನೋಡಕ್ಕಾ, ನನ್ನ ಅಂಕಿ ಅಪ್ಪನಕಿಂತ ಛಲೋ ಬಂದೇತಿ" ಎಂದು ನಗಲು ನೋಡಿದ.

ಹೊರಗೆ ಬಂದು ಕೇಳಿದೆ. "ಅವ್ವಾ, ಇವಗ ಮಜ್ಜಿಗಿ ಕೊಟ್ಟಿ?"

"ನಾ ಯಾಕ ಕೊಡ್ಲಿ? ಆಣಿ ಮಾಡೀನಿ. ಒಂದು ತೊಟ್ಟ ಕೊಟ್ಟಿಲ್ಲ. ಅದು ಕಸ್ತೂರಿ ಮನೀದ ಮಜ್ಜಿಗಿ. ಅಕಿಗೆ ಕಡ್ಯಾಕ ಪುರಸತ್ತಿಲ್ಲಂತ ನಾ ಕಡದುಕೊಡಾಕ ಹತ್ತೀನಿ. ಎರಡೆರಡು ತಾಸಿಗೆ ನಾನ ಹೋಗಿ ಕುಡಿಸಿ ಬರ್ತೀನಿ."

"ಅಕಿ ಮೊಸರಿಗೆ ಹೆಪ್ಪು ಎಲ್ಲೀದು?"

ಅವ್ವ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಹೆಪ್ಪು ನಂದ. ಮತ್ತ್ಯಾರದು? ಹೆಪ್ಪು ಕೇಳಿದವರಿಗೆ ಇಲ್ಲ ಅನ್ನಾಕ ಬರ್ತೈತೇನ?"

ನನ್ನ ಹಾಳೆಯಲ್ಲಿ ಮೊಸರು ಇತ್ತು, ಮಜ್ಜಿಗೆ ಇತ್ತು. ಹೆಪ್ಪು ಇರಲಿಲ್ಲ. ಮೊಸರು ಕೊಡುವುದು ಉಣ್ಣಲು ಕೊಡುವುದು. ಹೆಪ್ಪು ಕೊಡುವುದು ಕೊಡುವುದರ ಲೆಕ್ಕಕ್ಕೇ ಬಾರದು. ಅದು ಒಲೆಗೆ ಕೆಂಡ ಕೊಟ್ಟ ಹಾಗೆ. ಮೊಸರು ಕೆಟ್ಟವರು ಚಮಚ ಹಿಡಿದು ಬಂದರೆ ಯಾವ ಜಗಳವಿದ್ದರೂ ಕೊಡಲೇಬೇಕು, ಇಲ್ಲವೆಂದರೆ ಮನೆಯ ಹಾಲು ಒಡೆಯುತ್ತದೆ ಎಂದು ಇದೇ ಹಿತ್ತಲಲ್ಲಿ ಅವ್ವ ನನಗೆ ಹೇಳಿಕೊಟ್ಟಿದ್ದಳು. ಚಿಕ್ಕವಳಿದ್ದಾಗ ಆ ಚಮಚ ಹಿಡಿದು ಓಣಿಯೆಲ್ಲ ಓಡಾಡಿದವಳು ನಾನೇ. ಪರದೇಶದ ವಿಜ್ಞಾನಿ ಮರೆತಿದ್ದರೆ ಕ್ಷಮಿಸಬಹುದಿತ್ತು.

*

ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟುವಾಗ ವಿರೂಪಾಕ್ಷನ ಹಿಮೋಗ್ಲೋಬಿನ್ ನಾಲ್ಕಕ್ಕೆ ಇಳಿದಿತ್ತು. ಒಡೆದ ರಕ್ತಕಣಗಳ ಕಸ ಮೂತ್ರಪಿಂಡದಲ್ಲಿ ಕಟ್ಟಿಕೊಂಡಿತ್ತು. ಆರು ಬಾಟಲಿ ರಕ್ತ ಏರಿಸಿದರು, ಡಯಾಲಿಸಿಸ್ ಯಂತ್ರಕ್ಕೆ ಹಚ್ಚಿದರು. "ಜೀವ ಉಳೀಬಹುದು. ಕಿಡ್ನಿ ಮಾತ ಈಗ ಹೇಳಂಗಿಲ್ಲ" ಎಂದರು ವೈದ್ಯರು.

ಕಸ್ತೂರಿ ಎಲ್ಲ ಕೇಳಿಸಿಕೊಂಡಳು. ಕೊರತೆಯ ವಿಷಯವನ್ನು ಆಗ ಹೇಳಲೇಬೇಕಾಯಿತು.

"ನಿಮಗ ಯಾವಾಗ ಗೊತ್ತಿತ್ರಿ?"

"ಐದು ತಿಂಗಳ ಹಿಂದ."

"ಐದು ತಿಂಗಳ" ಎಂದಳು. "ನಾ ಜಗಳ ಮಾಡ್ತೀನಿ ಅಂತ ಹೇಳ್ಲಿಲ್ಲ, ಹೌದಲ್ರಿ? ಮಾಡ್ತಿದ್ದೆ ಅಕ್ಕಾರ. ಎರಡು ದಿನ ಜಗಳ ಮಾಡ್ತಿದ್ದೆ, ಆಮ್ಯಾಲ ಗಂಡನ್ನ ಕಾಯ್ತಿದ್ದೆ." ಮತ್ತೆ ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ. ಅವಳ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವ್ವನ ಗಡಿಗೆಯಿಂದ ತಂದ ಮೊಸರನ್ನು ಪರೀಕ್ಷೆ ಮಾಡಿದೆವು. ಹಿಂದಿನ ಪೊಟ್ಟಣ ಹಾಕಿ ಏಳು ದಿನ ದಾಟಿತ್ತು, ಹೊಸದನ್ನು ಇನ್ನೂ ಹಾಕಿರಲಿಲ್ಲ; ನಮ್ಮ ಬ್ಯಾಕ್ಟೀರಿಯಾ ಅದರಲ್ಲಿ ಒಂದೂ ಇರಲಿಲ್ಲ. ನಾವು ಇಟ್ಟ ಬೀಗ ಸರಿಯಾಗಿಯೇ ಕೆಲಸ ಮಾಡಿತ್ತು, ಎಲ್ಲವೂ ಏಳು ದಿನಕ್ಕೆ ಸತ್ತಿದ್ದವು. ಆದರೆ ಅವ್ವ ಪುಡಿಯನ್ನು ಬರಿದೇ ಹಾಲಿಗೆ ಹಾಕಿರಲಿಲ್ಲ. "ಪುಡಿಗೆ ಎಲ್ಲೆರ ಮೊಸರ ಹೆಪ್ಪಾಗ್ತೈತೇನ" ಎಂದು ತನ್ನ ಹಳೆಯ ಹೆಪ್ಪಿನ ಜೊತೆ ಕೂಡಿಸಿದ್ದಳು. ಮದುವೆಯಾಗಿ ಗುಳೇದಗುಡ್ಡದಿಂದ ಬರುವಾಗ ತವರಿಂದ ತಂದ ಹೆಪ್ಪು ಅದು, ಐವತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪದೆ ಬೆಳೆದದ್ದು. ನಮ್ಮ ಬ್ಯಾಕ್ಟೀರಿಯಾ ಸಾಯುವ ಮೊದಲು ತನ್ನ ವಂಶವಾಹಿಯನ್ನು ಆ ಹಳೆಯ ಹೆಪ್ಪಿಗೆ ದಾಟಿಸಿತ್ತು. ಹಳೆಯದಕ್ಕೆ ಬೀಗವಿಲ್ಲ. ಅದು ಕಿಣ್ವವನ್ನು ನಮ್ಮದಕ್ಕಿಂತ ಮೂವತ್ತು ಪಟ್ಟು ಹೆಚ್ಚು ಮಾಡುತ್ತಿತ್ತು. ನಾವು ಪ್ರಯೋಗಾಲಯದಲ್ಲಿ ಕುದಿಸಿ ಶುದ್ಧಮಾಡಿದ ಪಾತ್ರೆಗಳಲ್ಲಿ ನೂರು ಸಲ ಪರೀಕ್ಷೆ ಮಾಡಿದ್ದೆವು. ಬೆಟಗೇರಿಯ ಮಣ್ಣಿನ ಗಡಿಗೆಯಲ್ಲಿ ಒಂದು ಸಲವೂ ಮಾಡಿರಲಿಲ್ಲ.

ಜಾಲಿಹಾಳ ಸರ್ ಬಾಗಿಲು ಹಾಕಿಕೊಂಡು ಮಾತಾಡಿದರು. "ಮೊದಲ ವರದಿ ಬರೀರಿ. ಮ್ಯಾಲಿನವರು ನೋಡ್ಲಿ. ಒಮ್ಮಿಂದೊಮ್ಮೆ ಹೊರಗ ಬಿಟ್ರ ಜನ ಗಾಬ್ರಿ ಆಗ್ತಾರ, ಯೋಜನಾನೂ ಮುಗೀತೈತಿ."

"ಹೊರಗ ಆಗ್ಲೇ ಹೋಗೇತ್ರಿ ಸರ್. ಚಮಚಾದಾಗ ಹೋಗೇತಿ."

ಅವರು ನಕ್ಷೆಯ ಕಡೆ ನೋಡಿದರು. ಆ ಹೊತ್ತಿಗೆ ಪೊಟ್ಟಣವಿಲ್ಲದ ನೂರಾ ಹತ್ತು ಮನೆಗಳು ಹಸಿರಾಗಿದ್ದವು. ನೀಲಿ ಉಂಗುರದ ಮನೆಗಳಲ್ಲಿ ಇನ್ನೂ ಎರಡು. ಆ ಎರಡಕ್ಕೂ ಆಗಲೇ ಫೋನು ಮಾಡಿ ಮೊಸರು ನಿಲ್ಲಿಸಿದ್ದೆ. ಆದರೆ ನಕ್ಷೆಯ ಹೊರಗಿನ ಮನೆಗಳಿಗೆ ದೀಪವೂ ಇರಲಿಲ್ಲ, ಪರೀಕ್ಷೆಯ ಚೀಟಿಯೂ ಇರಲಿಲ್ಲ. ಹೆಪ್ಪು ಯಾರಿಂದ ಯಾರಿಗೆ ಹೋಯಿತೆಂದು ಯಾವ ಯಂತ್ರಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ. ಅವಳಿಗೆ ನಿಜ ಹೇಳದೆ ಕೇಳುವಂತಿರಲಿಲ್ಲ.

"ವರದಿ ಆಮ್ಯಾಲ ಬರೀತೀನ್ರಿ" ಎಂದು ಎದ್ದು ಬಂದೆ.

*

ಅವ್ವ ಕಟ್ಟೆಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಅಪ್ಪ. ಮೊದಲ ಮಾತೇ ಅವಳದು.

"ಹೆಂಗದಾನ? ಮಜ್ಜಿಗಿ ಕೊಡಾಕ ಹತ್ಯಾರೇನ ಅಲ್ಲೆ?"

ನಾನು ಹೇಳಿದೆ. ಸುತ್ತಿ ಬಳಸಿ ಹೇಳಲು ಹೋದೆ, ಆಗಲಿಲ್ಲ; ನೇರವಾಗಿಯೇ ಹೇಳಿದೆ. ತಪ್ಪು ನನ್ನದು, ಹಾಳೆ ಬರೆದವಳು ನಾನು, ಬಾಯಿ ಮುಚ್ಚಿಕೊಂಡವಳೂ ನಾನು ಎಂದು ಎರಡೆರಡು ಸಲ ಹೇಳಿದೆ. ಅವ್ವ ಅದನ್ನೆಲ್ಲ ಕೇಳಿಸಿಕೊಂಡಂತೆ ಕಾಣಲಿಲ್ಲ. ತನ್ನ ಎರಡೂ ಅಂಗೈಗಳನ್ನು ನೋಡುತ್ತ ಕೂತಳು.

"ನನ್ನ ಕೈಯಾರೆ ಕುಡಿಸೀನಲ್ಲ ಯವ್ವಾ. ಬ್ಯಾಡ ಬೇ, ಹೊಟ್ಟಿ ತೊಳಸ್ತೈತಿ ಅಂದ. ಬೈದು ಕುಡಿಸೀನಿ."

ಅಪ್ಪ ಅವಳ ಬೆನ್ನಿನ ಮೇಲೆ ಕೈ ಇಟ್ಟ. ಅವನು ಹಾಗೆ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆಮೇಲೆ ನಾನು ಕಾಗದ ತೆಗೆದೆ. "ಹೆಪ್ಪು ಯಾರ್ಯಾರಿಗೆ ಕೊಟ್ಟಿ ಅವ್ವಾ? ನೆನಪ ಐತಿ?"

ಅವ್ವ ಕಣ್ಣು ಒರೆಸಿಕೊಂಡಳು. ನೆನಪಿಲ್ಲದೆ ಏನು? ಚಾಂದಬಿ, ಊರಿಂದ ಬಂದ ದಿನ. ಕಲ್ಲವ್ವ, ಬೆಕ್ಕು ಗಡಿಗೆ ಒಡೆದಾಗ. ಪೂಜಾರರ ಮನೆ, ಸೊಸೆ ಹಾಲು ಸೀಯಿಸಿದಾಗ. ಹದಿನೇಳು ಮನೆ, ಒಂದೊಂದಕ್ಕೂ ಕಾರಣ ಸಮೇತ ಹೇಳಿದಳು. ಬರೆದುಕೊಂಡ ಮೇಲೆ ನಾನು ಎದ್ದೆ, ಸಂಜೆ ನಮ್ಮ ಕೇಂದ್ರದ ಹುಡುಗಿಯರನ್ನು ಕಳಿಸಿ ಎಲ್ಲ ಮನೆಗೂ ತಿಳಿಸುತ್ತೇನೆ ಎಂದೆ.

"ನಿಮ್ಮ ಹುಡುಗ್ಯಾರ ಮಾತಿಗೆ ಯಾರ ಹೆಪ್ಪು ಚಲ್ತಾರ?" ಎಂದಳು ಅವ್ವ. ಒಳಗೆ ಹೋಗಿ ತನ್ನ ಗಡಿಗೆಯನ್ನು ತಂದಳು, ಬಚ್ಚಲ ಕಲ್ಲಿನ ಮೇಲೆ ಇಟ್ಟು ಕುದಿಯುವ ನೀರು ಸುರಿದಳು. ಗುಳೇದಗುಡ್ಡದ ಹೆಪ್ಪು ನೊರೆಯಾಗಿ ಮೋರಿಗೆ ಹರಿಯಿತು. ಆಮೇಲೆ ಗಡಿಗೆಯನ್ನು ಕಲ್ಲಿಗೆ ಕುಕ್ಕಿ ಒಡೆದಳು. ತಲೆಯ ಮೇಲೆ ಸೆರಗು ಹೊದ್ದು ಒಂದು ಬಕೆಟ್ ಹಿಡಿದಳು, ನಾನು ತಂದಿದ್ದ ಬ್ಲೀಚಿಂಗ್ ಪುಡಿಯ ಡಬ್ಬಿಯನ್ನು ಅಪ್ಪ ಎತ್ತಿಕೊಂಡ.

"ಅಪ್ಪಾ, ನೀ ಬ್ಯಾಡ. ಈ ಮೊಸರ ಇವತ್ತಿಂದ ಇಲ್ಲ, ನಡದ್ರ ಬೆರಳ ಬ್ಯಾನಿ ಮತ್ತ ಬರ್ತೈತಿ."

"ಬೆರಳ ನಾಳೆ ನೋಯ್ತೈತಿ. ಇವತ್ತ ನಡೀತೈತಿ. ನಡಿ."

ಹೆಪ್ಪು ಕೇಳಿಕೊಂಡು ಬರುವವರನ್ನು ಓಣಿ ಕಂಡಿತ್ತು. ಕೊಟ್ಟ ಹೆಪ್ಪನ್ನು ವಾಪಸ್ಸು ಕೇಳಿಕೊಂಡು ಬಂದವರನ್ನು ಯಾರೂ ಕಂಡಿರಲಿಲ್ಲ. ಅವ್ವ ಒಂದೊಂದು ಹೊಸ್ತಿಲ ಮುಂದೆಯೂ ನಿಂತು ಒಂದೇ ಮಾತು ಹೇಳಿದಳು. "ನಾ ಕೊಟ್ಟ ಹೆಪ್ಪಿಂದ ನನ್ನ ಮಗ ಆಸ್ಪತ್ರಿ ಸೇರ್ಯಾನ. ಅದನ್ನ ವಾಪಸ್ ಕೊಡ್ರಿ." ಚಾಂದಬಿ ಅತ್ತು ತಂದು ಸುರಿದಳು. ಪೂಜಾರರ ಸೊಸೆ ಮೂಗು ಮುರಿದಳು, ಆದರೆ ಸುರಿದಳು. ಕಲ್ಲವ್ವನ ಗಂಡ ತನ್ನ ಬೆರಳಿಗೆ ಹಾಯೆನಿಸಿದೆ, ಕೊಡುವುದಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತ. ಅಪ್ಪ ಅವನಿಗೆ ತನ್ನ ಕಾಲು ತೋರಿಸಿದ. "ನಂದೂ ಹಾಯೆನಿಸಿತ್ತಪ್ಪಾ. ಆ ಹಾಯಿ ನನ್ನ ಮಗನ ರಕ್ತ ಕುಡೀತು" ಎಂದ. ಅವನು ಪಕ್ಕಕ್ಕೆ ಸರಿದ. ನಾನು ಹಿಂದೆ ಹಿಂದೆ ನಡೆಯುತ್ತ ಕಾಗದದ ಮೇಲೆ ಗೀಟು ಎಳೆಯುತ್ತಿದ್ದೆ, ಒಂದು ಗೀಟು ಎಳೆದರೆ ಎರಡು ಹೊಸ ಹೆಸರು ಬರೆಯಬೇಕಾಗುತ್ತಿತ್ತು. ಎಲ್ಲರೂ ಯಾರಿಗೋ ಒಂದು ಚಮಚ ಕೊಟ್ಟಿದ್ದರು.

ಪಟ್ಟಿಯ ಕೊನೆಯ ಮನೆ ರುಕ್ಮವ್ವನದು. ಹೊತ್ತು ಇಳಿಯುತ್ತಿತ್ತು. ನನ್ನ ಫೋನು ಸದ್ದು ಮಾಡಿತು: ಕಸ್ತೂರಿಯ ಸಂದೇಶ. ಕಣ್ಣು ಬಿಟ್ಟಿದ್ದಾನೆ, ಅವ್ವನನ್ನು ಕೇಳಿದ, ಮೂತ್ರ ಇನ್ನೂ ಬಂದಿಲ್ಲ. ಅವ್ವನಿಗೆ ಓದಿ ಹೇಳಿದೆ. ಅವಳು ತಲೆಯಾಡಿಸಿ ರುಕ್ಮವ್ವನ ಬಾಗಿಲು ತಟ್ಟಿದಳು.

ರುಕ್ಮವ್ವ ಎಲ್ಲ ಕೇಳಿ ಮರುಮಾತಿಲ್ಲದೆ ಮೊಸರಿನ ಬೋಗುಣಿ ತಂದು ಬಕೆಟ್ಟಿಗೆ ಬೋರಲು ಹಾಕಿದಳು. ಆಮೇಲೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ಅಕ್ಕಾ, ನಮ್ಮ ತಾರಾ ಬಾಣಂತನ ಮುಗಿಸಿ ಮೊನ್ನೆ ಗಂಡನ ಮನಿಗೆ ಹೋದ್ಲಲ್ಲ. ಸ್ಟೀಲ್ ಡಬ್ಬಿಯಾಗ ಹೆಪ್ಪು ಹಾಕಿ ಕಳಿಸೀನಿ. ಗಜೇಂದ್ರಗಡಕ್ಕ. ದೊಡ್ಡ ಮನೆತನ, ಮನಿ ತುಂಬ ಗಂಡುಮಕ್ಕಳು."

ಗಜೇಂದ್ರಗಡ ನಮ್ಮ ನಕ್ಷೆಯಲ್ಲಿ ಇರಲಿಲ್ಲ. ಅಲ್ಲಿ ಯಾರ ರಕ್ತವನ್ನೂ ನಾವು ನೋಡಿರಲಿಲ್ಲ. ಫೋನು ಮಾಡಿ ಹೇಳೋಣ ಎಂದು ನಾನು ಬಾಯಿ ತೆರೆದೆ. ಅವ್ವ ಬಕೆಟ್ಟನ್ನು ಮೋರಿಗೆ ಬಗ್ಗಿಸಿ ಖಾಲಿ ಮಾಡಿದಳು, ತೊಳೆದಳು, ಸೆರಗಿನಿಂದ ಕೈ ಒರೆಸಿಕೊಂಡಳು.

"ಗಜೇಂದ್ರಗಡದ ಬಸ್ಸು ಎಷ್ಟಕ್ಕೈತಿ?" ಎಂದು ಕೇಳಿದಳು.